ತರಬಿನ ಗೂಟ

ಬೇಸಿಗೆಯಲ್ಲಿ ಹುಣಸಿಬಾವಿ ವಸ್ತಿಗೆ ಹೋದವರು, ಒಂದು ಗೂಟ ಯಾರ ಮನೆಯ ಹೊಸ್ತಿಲಿಗೆ ಒರಗಿದೆ ಎಂದು ನೋಡಿದರೆ ಸಾಕಾಗಿತ್ತು. ಅಮಸಿದ್ದನ ಕುರಿಗಳು ಅಂದು ಯಾರ ಹೊಲದಲ್ಲಿ ಮಲಗುತ್ತವೆ ಎಂದು ತಿಳಿದುಬಿಡುತ್ತಿತ್ತು. ಜಾಲಿ ಕಟ್ಟಿಗೆಯ ಗೂಟ, ಮೊಳದುದ್ದ, ತಲೆಗೆ ಕಬ್ಬಿಣದ ಬಳೆ. ಹೆಂಗಸರ ಕೈಗಳಲ್ಲಿ ತಿರುಗಿ ತಿರುಗಿ ಅದು ಲಟ್ಟಣಿಗೆಯಷ್ಟು ನುಣುಪಾಗಿತ್ತು.

ಹೊಲದಲ್ಲಿ ಕುರಿಗಳನ್ನು ಕೂಡಿಹಾಕಿ, ಅವುಗಳ ಹಿಕ್ಕೆ ಮಣ್ಣಿಗೆ ಗೊಬ್ಬರವಾಗುವಂತೆ ಮಾಡುವುದಕ್ಕೆ ಆ ಕಡೆ ತರಬುವುದು ಎನ್ನುತ್ತಾರೆ. ಸುತ್ತ ಬಲೆ ಕಟ್ಟಲು ಗೂಟಗಳು ಬೇಕು. ಮೊದಲ ಗೂಟವನ್ನು ಆ ಹೊಲದ ಮನೆಯ ಹೆಂಗಸೇ ಬಡಿಯಬೇಕು. ಉಳಿದವನ್ನು ಅಮಸಿದ್ದ ಬಡಿಯುತ್ತಿದ್ದ. ಆ ಹೊಲದ ಪಾಳಿ ಮುಗಿದ ಮೇಲೆ ಅವಳೇ ಗೂಟ ಕಿತ್ತು, ತೊಳೆದು, ಮುಂದಿನ ಮನೆಯವಳ ಕೈಗೆ ಕೊಡಬೇಕು. ತೆಗೆದುಕೊಂಡವಳು ಕೊಟ್ಟವಳಿಗೆ ಒಂದು ಚೂರು ಬೆಲ್ಲ ಕೊಡಬೇಕು. ವಸ್ತಿಯ ಸಂವಿಧಾನವೆಂದರೆ ಇಷ್ಟೇ.

ನಾನು ಅಲ್ಲಿಗೆ ಶಾಲೆ ಕಲಿಸಲು ಹೋದದ್ದು ಎಪ್ಪತ್ತನೆಯ ಇಸವಿಯ ಜೂನಿನಲ್ಲಿ. ವಿಜಾಪುರದ ಸಿದ್ಧೇಶ್ವರ ಗುಡಿಯ ಹಿಂದಿನ ಓಣಿಯಲ್ಲಿ ನಮ್ಮ ಮನೆ. ಬಿ.ಎ. ಮುಗಿಸಿದ ಹುಡುಗಿ ಹೊಲದೊಳಗಿನ ಶಾಲೆಗೆ ಹೋಗುತ್ತಾಳೆಂದು ಓಣಿಯವರಿಗೆ ಮರುಕ. ತಿಕೋಟಾದವರೆಗೆ ಬಸ್ಸು, ಮುಂದೆ ಬಬಲೇಶ್ವರದ ಕಡೆ ಹೊರಟ ಬಂಡಿದಾರಿಯಲ್ಲಿ ನಡಿಗೆ. ಒಂದು ದೊಡ್ಡ ಹುಣಸೆಮರ, ಅದರಡಿ ಬಾವಿ, ಸುತ್ತ ಆರು ಮನೆ, ಹಳ್ಳದಾಚೆ ಇನ್ನೊಂದು ಮನೆ. ಶಾಲೆಗೆ ಹೊಂದಿಕೊಂಡ ಒಂದು ಕೋಣೆ ನನ್ನದು. ಅದರ ಕಿಟಕಿ ಬಾವಿಯ ಕಡೆ ತೆರೆಯುತ್ತಿತ್ತು. ಮೊದಲ ದಿನ ಬೆಳಿಗ್ಗೆ ಗಂಡಸರೆಲ್ಲ ಅಲ್ಲಿ ಮೈ ತೊಳೆಯುತ್ತಿದ್ದುದನ್ನು ಕಂಡು ಕಿಟಕಿ ಮುಚ್ಚಿದೆ. ಮರುದಿನದಿಂದ ಅವರ ಸ್ನಾನ ಮರದ ಆಚೆ ಮಗ್ಗುಲಿಗೆ ಹೋಯಿತು. ಯಾರೂ ನನಗೇನೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಕಿಟಕಿ ಮಾತ್ರ ಮತ್ತೆ ತೆರೆದುಕೊಂಡಿತು.

ಬಾವಿ ತೋಡಿದವನು ಮಲಕಾಜಪ್ಪ. ಬಬಲೇಶ್ವರದಲ್ಲಿ ದೊಡ್ಡ ಮನೆ ಪಾಲಾದಾಗ ಇವನಿಗೂ ಇವನ ಐವರು ತಮ್ಮಂದಿರಿಗೂ ಈ ಕಲ್ಲು ಮಡ್ಡಿ ಬಂದಿತ್ತು. "ಮಲಕಾಜಪ್ಪ ಕಲ್ಲು ಬಿತ್ತಾಂವ, ಕಲ್ಲು ರಾಶಿ ಮಾಡಾಂವ" ಎಂದು ದಾಯಾದಿಗಳು ನಕ್ಕಿದ್ದರಂತೆ. ಬಾವಿಗೆ ನೀರು ಬಿದ್ದ ವರ್ಷ ಕುರಿಗಳಿಗೆ ನೀರು ಕುಡಿಸಲು ಬಂದ ಅಮಸಿದ್ದ, ಹೆಂಡತಿ ಸಕ್ರವ್ವನೊಡನೆ ಅಲ್ಲಿಯೇ ಗುಡಿಸಲು ಹಾಕಿದ. ಬೇಸಿಗೆಯಿಂದ ಬೇಸಿಗೆಗೆ ಅವನ ಕುರಿಗಳು ಹೊಲದಿಂದ ಹೊಲಕ್ಕೆ ಮಲಗುತ್ತ ಹೋದವು. ಕಲ್ಲಿನ ನಡುವಿನ ಕೆಂಪು ಮಣ್ಣು ಕಪ್ಪಾಗತೊಡಗಿತು. ನಾನು ಹೋಗುವ ಹೊತ್ತಿಗೆ ಅಲ್ಲಿನ ಜೋಳದ ತೆನೆ ನೋಡಲು ಅದೇ ದಾಯಾದಿಗಳು ಬಂಡಿ ಕಟ್ಟಿಕೊಂಡು ಬರುತ್ತಿದ್ದರು.

ಅಮಸಿದ್ದನಿಗೆ ಒಂದು ಗುಂಟೆಯೂ ಹೊಲವಿರಲಿಲ್ಲ. ಒಮ್ಮೆ ಮಕ್ಕಳಿಂದ ವಸ್ತಿಯ ನಕಾಶೆ ಬರೆಸುತ್ತಿದ್ದೆ. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಅವನನ್ನು, "ನಿನ್ನದೆಲ್ಲಿ ಬರೆಸಲಿ?" ಎಂದೆ.

"ಗೂಟ ಎಲ್ಲೈತೋ ಅಲ್ಲಿ ಬರಸ್ರಿ ಅಕ್ಕಾರ" ಎಂದ. "ಇವತ್ತ ಮಲಕಾಜಪ್ಪ ಮಾಮಾನ ಹೊಲದಾಗ. ಮುಂದ ಅವರ ತಮ್ಮನ ಹೊಲದಾಗ. ಇವರೆಲ್ಲಾರಿಗೂ ಒಂದೊಂದ ಹೊಲ. ನನಗ ಎಲ್ಲಾನೂ."

ನಗುತ್ತಲೇ ಹೇಳಿದ. ಆದರೆ ಆ ಗೂಟ ತಿರುಗುವವರೆಗೆ ಮಾತ್ರ ತಾನು ಈ ವಸ್ತಿಯವನು ಎಂಬುದು ಅವನಿಗೆ ಗೊತ್ತಿತ್ತು.

ಮೊದಲೆಲ್ಲ ಗೂಟ ಆರು ಮನೆ ಸುತ್ತಿ ಮಲಕಾಜಪ್ಪನ ಮನೆಗೇ ಹಿಂದಿರುಗುತ್ತಿತ್ತು. ಹಳ್ಳದಾಚೆ ಕರೆಪ್ಪನ ಮನೆಗೆ ಹೋಗುತ್ತಿರಲಿಲ್ಲ. ಅವನಿಗೂ ಸರಕಾರ ಕೊಟ್ಟ ಎರಡು ಎಕರೆ ಇತ್ತು. ಯಾಕೆ ಹೋಗುತ್ತಿರಲಿಲ್ಲ ಎಂದು ಯಾರೂ ಹೇಳುತ್ತಿರಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ನನ್ನ ಮೊದಲ ಬೇಸಿಗೆಯಲ್ಲಿ ಆರನೆಯ ಮನೆಯ ಹೊಸ್ತಿಲಿನಿಂದ ಸಕ್ರವ್ವ ಗೂಟ ಎತ್ತಿಕೊಂಡು, "ಇದನ್ನ ನಾ ಒಯ್ತೇನಿ" ಎಂದವಳೇ ಹಳ್ಳ ದಾಟಿದಳು. ಕರೆಪ್ಪನ ಹೆಂಡತಿ ಮಾಳವ್ವ ಹಿಟ್ಟಿನ ಕೈಯಲ್ಲಿ ಹೊರಗೆ ಬಂದು ಗೂಟ ನೋಡಿ ಹಾಗೇ ನಿಂತಳು.

"ಹಿಡಿ ಬೇ" ಎಂದಳು ಸಕ್ರವ್ವ. "ಹೊಲ ಯಾರದು ಅಂತ ನನ್ನ ಕುರಿ ಕೇಳೂದಿಲ್ಲ."

ಸಂಜೆ ಬಾವಿಕಟ್ಟೆಯಲ್ಲಿ ಗುಸುಗುಸು ಎದ್ದಿತು. ಮಲಕಾಜಪ್ಪ ಅಮಸಿದ್ದನನ್ನು ಕರೆದ. "ಏನಲೇ, ಪಾಳಿ ಉದ್ದ ಮಾಡಿಯಂತಲ್ಲ?"

"ಹೂಂ ಮಾಮಾ. ಕುರಿ ಹೆಚ್ಚಾದವು. ಪಾಳಿನೂ ಹೆಚ್ಚಾಗಲಿ ಬಿಡ್ರಿ."

ಮಲಕಾಜಪ್ಪ ಬಾವಿಯೊಳಗೆ ಬಗ್ಗಿ ನೋಡಿದ. "ಕುರಿ ನಿಂದು, ಮಾತೂ ನಿಂದೇ. ನಡಿ" ಎಂದು ಎದ್ದ.

ಕರೆಪ್ಪನ ಪಾಳಿ ಮುಗಿದ ದಿನ ನಾನು ಮಲಕಾಜಪ್ಪನ ಹೆಂಡತಿ ಬೋರವ್ವನ ಕಟ್ಟೆಯ ಮೇಲೆ ಕೂತಿದ್ದೆ. ಮಾಳವ್ವ ಅಂಗಳದಂಚಿಗೆ ಬಂದು, ಗೂಟವನ್ನು ನೆಲದ ಮೇಲೆ ಇಡಲು ಬಾಗಿದಳು. ಬೋರವ್ವ ಮೊರ ಕೆಳಗಿಟ್ಟು, ಮೆಟ್ಟಿಲಿಳಿದು ಹೋಗಿ, ಗೂಟವನ್ನು ಅವಳ ಕೈಯಿಂದಲೇ ತೆಗೆದುಕೊಂಡಳು. ಬೆಲ್ಲವನ್ನೂ ಕೈಯಲ್ಲೇ ಇಟ್ಟಳು. ಆಮೇಲೆ ಬಂದು ಮತ್ತೆ ಮೊರ ಹಿಡಿದಳು. ಜೋಳ ಹಸನು ಮಾಡುತ್ತಲೇ, "ಏನ್ ನೋಡಾಕತ್ತೀರಿ ಅಕ್ಕಾರ? ಕಲ್ಲ ಆರಿಸಿ ಒಗೀರಿ" ಎಂದು ನನ್ನ ಮುಂದೆ ಎರಡು ಹಿಡಿ ಸುರಿದಳು.

ಎಪ್ಪತ್ತೆರಡರಲ್ಲಿ ಮಳೆ ಕೈಕೊಟ್ಟಿತು. ಸುತ್ತಲಿನ ಊರುಗಳೆಲ್ಲ ಬಾಡಿದಾಗ ಹುಣಸಿಬಾವಿಯಲ್ಲಿ ನೀರಿತ್ತು. ಏಳೂ ಮನೆಯವರು ಸೇರಿ ಬಾವಿಯನ್ನು ಇನ್ನಷ್ಟು ಆಳಕ್ಕಿಳಿಸಿದರು. ಬಂದವರಿಗೆಲ್ಲ ಕೊಡ ತುಂಬಿಸಿ ಕಳಿಸಿದರು. ವಸ್ತಿಗೆ ಹೆಸರು ಬಂತು. ಹೆಣ್ಣು ಕೊಡಲು ದೂರದಿಂದ ಬಂದರು. ನನ್ನ ಶಾಲೆಯಲ್ಲಿ ಮಕ್ಕಳು ಹೆಚ್ಚಿ, ಗಂಡಸರೆಲ್ಲ ಸೇರಿ ಮುಂದೊಂದು ಚಪ್ಪರ ಹಾಕಿದರು. ಮರುವರ್ಷ ಕರೆಂಟಿನ ಕಂಬಗಳು ಬಂದವು. ಬಾವಿಯ ಮೇಲೆ ಮೋಟಾರು ಕೂತ ದಿನ ಮಲಕಾಜಪ್ಪ ಅದಕ್ಕೆ ಹಾರ ಹಾಕಿದ. ಬೋರವ್ವ ಅದನ್ನು ಸುತ್ತು ಹಾಕಿ ನೋಡಿ, "ಮೇವು ಬ್ಯಾಡ, ಹಿಂಡಿ ಬ್ಯಾಡ. ಇಂಥಾ ಎತ್ತ ಸಿಕ್ಕರ ಗಂಡಸರು ಹೊಲಕ್ಕ ಯಾಕ ಹೋಗತಾರ?" ಎಂದು ಎಲ್ಲರನ್ನೂ ನಗಿಸಿದಳು.

ಅವಳ ಮಗ ರೇವಪ್ಪ ತಿಕೋಟಾದ ಕಡೆ ದ್ರಾಕ್ಷಿ ತೋಟಗಳನ್ನು ನೋಡಿ ಬಂದ. ಬಳ್ಳಿಯ ಕಡ್ಡಿಗಳನ್ನು ಹಸಿ ಗೋಣಿಯಲ್ಲಿ ಸುತ್ತಿ, ಕೂಸಿನಂತೆ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ತಂದ. ಕಲ್ಲುಕಂಬ ನೆಟ್ಟರು, ತಂತಿ ಎಳೆದರು. ಅಣ್ಣನ ಹೊಲ ನೋಡಿ ತಮ್ಮಂದಿರು ಒಬ್ಬರಾದ ಮೇಲೊಬ್ಬರು ನೆಟ್ಟರು. ಎಪ್ಪತ್ತನಾಲ್ಕರ ಬೇಸಿಗೆಗೆ ಆರೂ ಮನೆಯ ಹೊಲಗಳಲ್ಲಿ ಬಳ್ಳಿಗಳು ಚಿಗುರೊಡೆದಿದ್ದವು. ಬಾವಿಯ ನೀರು ಹಳ್ಳದಾಚೆ ಹೋಗುತ್ತಿರಲಿಲ್ಲವಾದ್ದರಿಂದ ಕರೆಪ್ಪ ಒಬ್ಬನೇ ಜೋಳಕ್ಕೆ ಉಳಿದ.

ಆ ವರ್ಷದ ತರಬು ಮಲಕಾಜಪ್ಪನ ಹೊಲದಿಂದಲೇ ಶುರುವಾಗಬೇಕಿತ್ತು. ಗೂಟ ಬೋರವ್ವನ ಹೊಸ್ತಿಲಿನಲ್ಲಿತ್ತು. ಸಂಜೆ ಅಮಸಿದ್ದ ಕುರಿ ಹೊಡೆದುಕೊಂಡು ಬಂದು ಅಂಗಳದಲ್ಲಿ ನಿಂತ.

"ಅತ್ತಿ, ಗೂಟ ಬಡೀತಿ?"

ಬೋರವ್ವ ಹಿಂದಿನ ಹೊಲದ ಕಡೆ ನೋಡಿದಳು. ಮೊಳಕಾಲೆತ್ತರದ ಎಳೆ ಬಳ್ಳಿಗಳು. ಒಂದು ರಾತ್ರಿ ಸಾಕು, ಕುರಿಗಳು ಕಡ್ಡಿಯನ್ನೂ ಬಿಡುವುದಿಲ್ಲ. ಅದು ಅಮಸಿದ್ದನಿಗೂ ಕಾಣುತ್ತಿತ್ತು.

"ನಾಳಿ ನೋಡೋಣಂತ ಯಪ್ಪಾ. ಮೊದಲ ರೊಟ್ಟಿ ತಿನ್ನು ಬಾ" ಎಂದಳು.

ಅವನು ರೊಟ್ಟಿ ತಿಂದ. ಕುರಿಗಳನ್ನು ಗಾಯರಾಣದ, ಎಂದರೆ ಗೋಮಾಳದ, ಬರಡು ನೆಲದಲ್ಲಿ ಮಲಗಿಸಿದ. ಮರುದಿನ ಮತ್ತೆ ಬಂದ; ಮತ್ತೆ ರೊಟ್ಟಿ, ಈ ಸಲ ಮೊಸರೂ ಇತ್ತು. ಮೂರನೆಯ ದಿನ ಬೋರವ್ವ ಗೂಟವನ್ನು ಹೊಸ್ತಿಲಿನಿಂದ ಎತ್ತಿ ಒಳಗೆ ಗೋಡೆಯ ಮಾಡದಲ್ಲಿಟ್ಟಳು. ಕಣ್ಣಿಗೆ ಬೀಳದಿದ್ದರೆ ಅವನೂ ಕೇಳಬೇಕಾಗುವುದಿಲ್ಲ, ತಾನೂ ಹೇಳಬೇಕಾಗುವುದಿಲ್ಲ ಎಂದು.

ಉಳಿದ ಮನೆಯವರೂ ಹಾಗೆಯೇ. ಯಾರೂ ಬೇಡ ಎನ್ನಲಿಲ್ಲ. "ಅಣ್ಣನ ಮನಿ ಪಾಳಿ ಮುಗೀಲಿ, ನಮ್ಮಲ್ಲಿ ಬಾರಪಾ" ಎನ್ನುತ್ತಿದ್ದರು. ಎಲ್ಲರ ಮನೆಯಲ್ಲೂ ಅಮಸಿದ್ದನಿಗೆ ಊಟ ಸಿಗುತ್ತಿತ್ತು. ಹಿಂದೆಂದೂ ಅಷ್ಟು ಉಪಚಾರ ಕಂಡಿರಲಿಲ್ಲ ಅವನು. ಸಕ್ರವ್ವ ಒಮ್ಮೆ ನನ್ನ ಕೋಣೆಯ ಮುಂದೆ ಕೂತು, "ಮನಿಗಿ ಬಂದ ಬೀಗರಿಗಿ ಮಾಡಿದಂಗ ಮಾಡಾಕತ್ತಾರ ಅಕ್ಕಾರ. ಬೀಗರು ಅಂದ್ರ ಎದ್ದು ಹೋಗಾವ್ರಲ್ಲೇನ್ರಿ?" ಎಂದಳು.

ನಾನು ಬೋರವ್ವನಿಗೆ ಹೇಳಿ ನೋಡಿದೆ. ಹೀಗೆ ಕಾಯಿಸುವುದಕ್ಕಿಂತ ಗೂಟ ಅವನಿಗೇ ಕೊಟ್ಟುಬಿಡು, ಬೇರೆ ಕಡೆ ಹೊಲ ಹುಡುಕಿಕೊಳ್ಳುತ್ತಾನೆ ಎಂದೆ.

"ಹ್ಯಾಂಗ ಕೊಡ್ಲಿ ಅಕ್ಕಾರ?" ಎಂದಳು. "ಗೂಟ ಮುಂದಿನ ಮನಿಗಿ ಕೊಡತಾರ. ತಿರಗಿ ಕುರುಬಗ ಕೊಟ್ಟರ, ನಿನಗ ಇಲ್ಲಿ ಜಾಗಾ ಇಲ್ಲ, ನಡಿ ಅಂದಂಗ. ಈ ಹೊಲಾ ಕಪ್ಪ ಆಗಿದ್ದು ಅವನ ಕುರಿಯಿಂದ. ನನ್ನ ಬಾಯಿಂದ ಆ ಮಾತ ಬರೂದಿಲ್ಲ."

ಮಾಳವ್ವನೂ ಬಂದಳು. "ಯವ್ವಾ, ಗೂಟ ನಮ್ಮ ಮನಿಗಿ ಕಳಸ್ರಿ. ನಮ್ಮದು ಜೋಳದ ಹೊಲ. ಕುರಿಗಿ ನಾಕ ದಿನ ಆದ್ರೂ ಆಸರ ಆಗತೈತಿ."

ಬೋರವ್ವನಿಗೆ ಆಸೆಯಾಯಿತು. ಆದರೆ ನಡುವೆ ಐದು ಮನೆ. ಅವನ್ನು ದಾಟಿಸಿ ಗೂಟ ಕಳಿಸಿದರೆ ಆ ಐದೂ ಮನೆಯವರು ತರಬು ಬಿಟ್ಟರು ಎಂದು ಊರಿಗೇ ಸಾರಿದಂತೆ. ಓರಗಿತ್ತಿಯರ ಮೇಲೆ ಅಂಥ ಮಾತು ಹೊರಿಸಲು ಅವಳ ಮನಸ್ಸು ಒಪ್ಪಲಿಲ್ಲ. ಅಮಸಿದ್ದನೂ ಒಪ್ಪಲಿಲ್ಲ. "ಗೂಟ ಬರದ ಹ್ಯಾಂಗ ಬರ್ಲಿ ಮಾಳವ್ವ? ಆರು ಮನಿ ದಾಟಿ ನಿನ್ನಲ್ಲಿ ಹೊಕ್ಕರ, ಅವರ ಮಾರಿ ಮ್ಯಾಲ ಹೊಡದಂಗ" ಎಂದ. ಒಬ್ಬರ ಮನಸ್ಸು ಒಬ್ಬರು ನೋಯಿಸಬಾರದೆಂದು ಎಲ್ಲರೂ ಸೇರಿ, ಆ ಗೂಟವನ್ನು ಮಾಡದಲ್ಲಿ ಕೂಡಿಹಾಕಿದ್ದರು.

ಮುಂಗಾರಿನ ಮೊದಲೇ ಅಮಸಿದ್ದ ಗುಡಿಸಲು ಬಿಚ್ಚಿದ. ಸಾರವಾಡದ ಕಡೆ ಡೋಣಿ ಹೊಳೆಯ ದಂಡೆಯಲ್ಲಿ ಮೇವು ಚಲೋ ಐತಂತ, ಕರಿ ಹೊಲದವರು ಕುರಿ ಕರೀಲಿಕ್ಕ ಹತ್ತ್ಯಾರಂತ ಎಂದು ಮನೆಮನೆಗೆ ಹೋಗಿ ಹೇಳಿದ. ಹೋಗುವುದು ತನ್ನ ಸಲುವಾಗಿಯೇ ಎಂಬಂತೆ ಹೇಳಿದ. ಬೋರವ್ವ ಮಾಡದ ಕಡೆ ತಿರುಗಿದಾಗ ಅವಸರದಿಂದ, "ಅದು ಅಲ್ಲೇ ಇರಲಿ ಅತ್ತಿ. ಬರಾವ್ರಲ್ಲೇನ ನಾವು?" ಎಂದ.

ಎರಡು ವರ್ಷಕ್ಕೆ ದ್ರಾಕ್ಷಿ ಬಂತು. ಮೊದಲ ಗೊಂಚಲನ್ನು ಬೋರವ್ವ ಶಾಲೆಗೆ ತಂದಳು. ಮಕ್ಕಳು ಒಂದೊಂದೇ ಹಣ್ಣು ಬಾಯಲ್ಲಿಟ್ಟುಕೊಂಡು ಕರಗಿಹೋದೀತೆಂದು ಕಚ್ಚದೆ ಕೂತವು. ಲಾರಿ ಬಂತು. ಮನೆಗಳಿಗೆ ಸುಣ್ಣ ಬಂತು, ಬೋರವ್ವನ ಮನೆಯಲ್ಲಿ ರೇಡಿಯೋ ಬಂತು. ತಮ್ಮಂದಿರು ತಂತಮ್ಮ ಹೊಲಗಳಲ್ಲಿ ಬಾವಿ ತೋಡಿಸಿ ಮೋಟಾರು ಇಟ್ಟರು. ಸುಖದ ದಿನಗಳೇ ಅವು. ಆದರೆ ಸಂಜೆ ಹುಣಸೆಮರದಡಿ ಸೇರುವವರು ಕಡಿಮೆಯಾದರು. ಒಂದೇ ಬಾವಿಯಿದ್ದಾಗ ಪಾಳಿಗಾದರೂ ಮುಖ ನೋಡುತ್ತಿದ್ದರು.

ನೆಲದಡಿ ಇದ್ದ ನೀರು ಮಾತ್ರ ಒಂದೇ. ಆರು ಮೋಟಾರು ಎಳೆದದ್ದಕ್ಕೆ ಹುಣಸಿಬಾವಿ ಮೊದಲು ಕೆಸರಾಯಿತು. ಆಮೇಲೆ ಉಳಿದವು. ಚೀಲದ ಗೊಬ್ಬರ ತಿಂದ ನೆಲ ಬಿಗಿದುಕೊಂಡು ಮತ್ತೆ ಕೆಂಪಗೆ ಕಾಣತೊಡಗಿತು. ಎಪ್ಪತ್ತೇಳರಲ್ಲಿ ಬಳ್ಳಿಗೆ ಬೂದಿರೋಗ ಬಂತು. ಒಬ್ಬ ತಮ್ಮ ತಿಕೋಟಾಕ್ಕೆ ಹೋದ. ಇನ್ನೊಬ್ಬ ತೊರವಿಗೆ, ಹೆಂಡತಿಯ ಅಣ್ಣಂದಿರ ಹೊಲಕ್ಕೆ. ಹೋಗುವವರು ಬಹಳ ಮಾತಾಡುತ್ತಿರಲಿಲ್ಲ. ಮನೆಯ ಕೀಲಿಕೈ ತಂದು ಬೋರವ್ವನ ಕೈಗೆ ಕೊಟ್ಟು, "ಇರಲಿ ಅಕ್ಕಾ, ಬರತೇವಿ" ಎನ್ನುತ್ತಿದ್ದರು. ಅವಳು ಅವನ್ನು ಮಾಡದಲ್ಲಿ ಗೂಟದ ಪಕ್ಕದಲ್ಲಿಡುತ್ತಿದ್ದಳು. ಶುಕ್ರವಾರ ಗೂಟಕ್ಕೆ ಕುಂಕುಮವನ್ನೂ ಹಚ್ಚುತ್ತಿದ್ದಳು.

ಎಪ್ಪತ್ತೆಂಟರ ಬೇಸಿಗೆಗೆ ಮಾಡದಲ್ಲಿ ಐದು ಕೀಲಿಕೈಗಳಿದ್ದವು. ರೇವಪ್ಪ ಸಿದ್ಧೇಶ್ವರ ಗುಡಿಯ ಹತ್ತಿರ ಹಣ್ಣಿನ ಅಂಗಡಿ ಇಟ್ಟಿದ್ದ. ಮಾರುವುದು ಬೇರೆಯವರ ದ್ರಾಕ್ಷಿ. ತಂದೆತಾಯಿಯನ್ನು ಕರೆದೊಯ್ಯಲು ಅವಸರಿಸುತ್ತಿದ್ದ. ಶಾಲೆಯಲ್ಲಿ ಉಳಿದವು ಮಾಳವ್ವನ ಇಬ್ಬರು ಮಕ್ಕಳು. ನನಗೆ ಸಾರವಾಡಕ್ಕೆ ವರ್ಗವಾಯಿತು.

ಸುದ್ದಿ ಕೇಳಿ ಬೋರವ್ವ ಬಂದಳು. ನನ್ನ ಹೆಗಲ ಮೇಲೆ ಕೈಯಿಟ್ಟು ಹೇಳಿದಳು. "ಅಮಸಿದ್ದ ಅಲ್ಲೇ ಅದಾನಂತ. ಅವಗ ಹೇಳ್ರಿ, ನಮ್ಮ ಪಾಳಿ ಉಳದೈತಿ, ಬಂದು ಮುಗಿಸಿ ಹೋಗು ಅಂತ."

ಸಾರವಾಡದಲ್ಲಿ ಅವರನ್ನು ಹುಡುಕುವುದು ಕಷ್ಟವಾಗಲಿಲ್ಲ. ಡೋಣಿ ದಂಡೆಯ ಕರಿ ಹೊಲಗಳಲ್ಲಿ ಟ್ರ್ಯಾಕ್ಟರುಗಳು ಓಡಾಡುತ್ತಿದ್ದವು. ಅವುಗಳ ಧೂಳಿನಾಚೆ ಸಕ್ರವ್ವ ನನ್ನನ್ನು ಮೊದಲು ಗುರುತಿಸಿದಳು. ಆರೂ ಮನೆಯವರನ್ನು ಹೆಸರು ಹಿಡಿದು ಕೇಳಿದಳು. ನಾನು ಬೋರವ್ವನ ಮಾತು ಹೇಳಿದಾಗ ಅಮಸಿದ್ದ ತಲೆ ಬಗ್ಗಿಸಿ ಮರಿಯೊಂದರ ಕಿವಿ ತಿಕ್ಕುತ್ತ ನಿಂತ.

"ಗೂಟ ಇನ್ನಾ ಇಟ್ಟಾಳೇನ್ರಿ?"

"ಮಾಡದಲ್ಲಿದೆ. ಕುಂಕುಮ ಹಚ್ಚುತ್ತಾಳೆ" ಎಂದೆ.

"ಅಯ್ಯ ನಮ್ಮವ್ವ!" ಸಕ್ರವ್ವ ನಕ್ಕಳು, ನಗುತ್ತ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಬಡಿ ಅಂದ್ರ ದೇವರ ಮಾಡಿ ಕುಂದರಿಸ್ಯಾಳ."

ಅಮಸಿದ್ದ ಬಲೆ ಸುತ್ತತೊಡಗಿದ.

ಅವರು ವಸ್ತಿ ಮುಟ್ಟುವ ದಿನ ನಾನೂ ಹೋದೆ. ಮಲಕಾಜಪ್ಪ ಒಣಗಿದ ಬಳ್ಳಿ ಕಿತ್ತು, ತಂತಿ ಬಿಚ್ಚಿ ಹೊಲ ತೆರವು ಮಾಡಿದ್ದ, ಕಲ್ಲುಕಂಬಗಳಷ್ಟೇ ನಿಂತಿದ್ದವು. ರೇವಪ್ಪ ಸಾಮಾನು ಒಯ್ಯಲು ಬಂಡಿ ಕಟ್ಟಿಸಿದ್ದ. ಬೋರವ್ವ ಸೆರಗು ಸಿಕ್ಕಿಸಿಕೊಂಡು ಗೂಟ ಹಿಡಿದು ಹೊಲಕ್ಕಿಳಿದಳು. ಮೊದಲ ಏಟು ಜಾರಿತು.

"ಕೈ ಮರತೈತಿ ನೋಡು" ಎಂದಳು.

"ಕುಂಕುಮ ಹಚ್ಚಿ ಹಚ್ಚಿ ಮೆತ್ತಗಾಗೈತಿ ಅತ್ತಿ" ಎಂದ ಅಮಸಿದ್ದ.

"ಬಾಯಿ ಮಾತ್ರ ಹಂಗ ಐತಿ ನಿಂದು" ಎಂದು ಅವಳು ಮತ್ತೆ ಬಡಿದಳು. ಕುರಿಗಳು ಒಳಗೆ ಹೊಕ್ಕವು. ಕಲ್ಲುಕಂಬಗಳಿಗೆ ಮೈ ತಿಕ್ಕುತ್ತ ನಿಂತವು.

ಅಲ್ಲಿಗೆ ಮುಗಿಯಿತೆಂದು ರೇವಪ್ಪ ತಿಳಿದಿದ್ದ. ತಮ್ಮ ಹೊಲದ ಪಾಳಿ ಮುಗಿದ ದಿನ ಬೋರವ್ವ ಗೂಟ ತೊಳೆದು, ಮಾಡದಿಂದ ಕೀಲಿಕೈಗಳನ್ನು ತೆಗೆದುಕೊಂಡಳು. ಪಕ್ಕದ ಮೈದುನನ ಮನೆಯ ಬಾಗಿಲು ತೆರೆದು, ಹೊಸ್ತಿಲು ಸಾರಿಸಿ, ಗೂಟ ಒರಗಿಸಿದಳು. ಸಂಜೆ ಆ ಮನೆಯವಳ ಬದಲಿಗೆ ತಾನೇ ಅವರ ಹೊಲದಲ್ಲಿ ಗೂಟ ಬಡಿದಳು. ತಾನೇ ಕೊಟ್ಟು ತಾನೇ ತೆಗೆದುಕೊಂಡು ಬೆಲ್ಲವನ್ನೂ ತಾನೇ ತಿಂದಳು. ಹೀಗೆ ಐದೂ ಮನೆ. ರೇವಪ್ಪ, "ಯವ್ವಾ, ಅವರ್ಯಾರೂ ಇಲ್ಲ ಬೇ. ಯಾರ ಸಲುವಾಗಿ ಗೊಬ್ಬರ ಹಾಕಾಕತ್ತೀರಿ?" ಎಂದು ಕೇಳಿ ಕೇಳಿ ಸೋತ. ಕೊನೆಗೆ ಬಂಡಿಯಿಂದ ಹಾಸಿಗೆ ಇಳಿಸಿದ. ಮಾರನೆಯ ದಿನ ತಾನೇ ಹೋಗಿ ಚಿಕ್ಕಪ್ಪನ ಹೊಲದ ತಂತಿ ಬಿಚ್ಚತೊಡಗಿದ.

ಆರೂ ಮುಗಿದ ಮೇಲೆ ಬೋರವ್ವ ಗೂಟ ಹಿಡಿದು ಹಳ್ಳ ದಾಟಿದಳು. ಅಷ್ಟು ವರ್ಷಗಳಲ್ಲಿ ಅವಳು ಆಚೆಗೆ ಹೋದದ್ದು ಅದೇ ಮೊದಲು. ಮಾಳವ್ವ ಓಡಿಬಂದು ಎರಡೂ ಕೈಯಲ್ಲಿ ಗೂಟ ತೆಗೆದುಕೊಂಡಳು, ಬೆಲ್ಲ ಕೊಟ್ಟಳು. ಬೋರವ್ವ ಅದನ್ನು ಅಲ್ಲೇ ಬಾಯಿಗೆ ಹಾಕಿಕೊಂಡು, ನೀರು ಕೇಳಿ ಕುಡಿದಳು.

"ನಮ್ಮ ಪಾಳಿ ಮುಗದ ಮ್ಯಾಲ ಯಾರಿಗಿ ಕೊಡ್ಲಿ ಯವ್ವಾ?" ಎಂದಳು ಮಾಳವ್ವ. "ನಿಮ್ಮ ಮನಿ ಕೀಲಿ ಹಾಕಿರತೈತಿ."

"ಅದಕ್ಕೇನಾತು? ಬ್ಯಾಸಗಿಗಿ ಬರತೇನಿ, ನನ್ನ ಕೈಯಾಗೇ ಕೊಡಬೇಕು" ಎಂದಳು ಬೋರವ್ವ. ಆರು ಕೀಲಿಕೈಗಳನ್ನೂ ಸೆರಗಿನಿಂದ ಬಿಚ್ಚಿ ಅವಳ ಮುಂದಿಟ್ಟಳು. ಕರೆಪ್ಪನ ಕಡೆ ತಿರುಗಿ, "ನಾವೂ ಮೈದುನರೂ ಮಾತಾಡೇವಿ. ಗೊಬ್ಬರ ಬಿದ್ದ ಹೊಲ ಹಾಳ ಬಿಡಬಾರದು. ನೀನ ಪಾಲಿಗಿ ಬಿತ್ತಿ ಬೆಳಿ" ಎಂದಳು. ಕರೆಪ್ಪ ಅಂಗಳದಲ್ಲಿದ್ದ ಕೂರಿಗೆಯನ್ನು ಸುಮ್ಮನೆ ಎತ್ತಿ ಇನ್ನೊಂದು ಕಡೆ ಇಟ್ಟ.

ಮರುವರ್ಷದ ಬೇಸಿಗೆ ರಜೆಯಲ್ಲಿ ನಾನು ತಿಕೋಟಾದ ಬಸ್ಸು ಇಳಿದಾಗ ಅದೇ ಬಸ್ಸಿನ ಮುಂದಿನ ಬಾಗಿಲಿನಿಂದ ಬೋರವ್ವನೂ ಇಳಿದಳು. ಕೈಯಲ್ಲಿ ಮಗನ ಅಂಗಡಿಯ ದ್ರಾಕ್ಷಿಯ ಪೊಟ್ಟಣ. ಇಬ್ಬರೂ ಬಂಡಿದಾರಿಯಲ್ಲಿ ನಿಧಾನ ನಡೆದೆವು. ಮನೆಗಳು ಮುಚ್ಚಿದ್ದವು. ಶಾಲೆಯ ಚಪ್ಪರ ಒಂದು ಕಡೆ ಕುಸಿದಿತ್ತು. ಹೊಲಗಳಲ್ಲಿ ಮಾತ್ರ ಕಲ್ಲುಕಂಬಗಳ ನಡುವೆ ಜೋಳದ ಕೂಳೆ ಒತ್ತಾಗಿ ನಿಂತಿತ್ತು. ಬೋರವ್ವ ಬಾಗಿ ಒಂದು ಹಿಡಿ ಮಣ್ಣೆತ್ತಿ, ಬಣ್ಣ ನೋಡಿ, ಕೆಳಗೆ ಸುರಿದಳು.

ಅವಳ ಅಂಗಳದಲ್ಲಿ ಮಾಳವ್ವ ಗೂಟ ಹಿಡಿದು ಕಾಯುತ್ತಿದ್ದಳು. ಆಚೆ ಧೂಳೆಬ್ಬಿಸಿಕೊಂಡು ಕುರಿಗಳು ನಿಂತಿದ್ದವು. ಬೋರವ್ವ ಗೂಟ ತೆಗೆದುಕೊಂಡು ಸೊಂಟದ ಸಂಚಿಯಲ್ಲಿ ಬೆಲ್ಲ ಹುಡುಕಿದಳು, ಸಿಗಲಿಲ್ಲ. ದ್ರಾಕ್ಷಿಯ ಪೊಟ್ಟಣ ಬಿಚ್ಚಿ ಒಂದು ಗೊಂಚಲು ಮಾಳವ್ವನ ಕೈಯಲ್ಲಿಟ್ಟಳು.

"ಬೆಲ್ಲ ಕೊಡಬೇಕ ಬೇ" ಎಂದಳು ಸಕ್ರವ್ವ ದೂರದಿಂದ.

"ಇದೂ ಸಿಹೀನ ಐತಿ, ಸುಮ್ಮಕಿರು" ಎಂದಳು ಬೋರವ್ವ. ಸೆರಗು ಸಿಕ್ಕಿಸಿಕೊಂಡಳು. "ಏನಪಾ ಅಮಸಿದ್ದ, ಎಲ್ಲಿ ಬಡೀಲಿ?"

"ನಿಮ್ಮ ಹೊಲ ಅತ್ತಿ. ನನ್ನೇನ ಕೇಳತಿ?"

"ನಕಾಶೇದಾಗ ನಿಂದಂತ ಬರಿಸೀಯಂತಲ್ಲ, ಅಕ್ಕಾರ ಹೇಳ್ಯಾರ" ಎಂದಳು ಅವಳು.

ಅಮಸಿದ್ದ ನನ್ನ ಕಡೆ ನೋಡಿದ. ಆಮೇಲೆ ಹೊಲದೊಳಗೆ ನಡೆದು, ಕಳೆದ ಸಲ ಕುರಿ ಮಲಗದ ಒಂದು ಮೂಲೆ ಹುಡುಕಿ, ಕೋಲಿನಿಂದ ನೆಲ ತೋರಿಸಿದ.